ದೂರ ನಿಂತವರಿಗೇ ಮಿಂಚು ಪೂರ್ತಿ ಕಾಣುತ್ತದೆ

ಈ ಫೋಟೊದಲ್ಲಿ ನೀವು ನೋಡುತ್ತಿರುವ ಮೋಡ ನಾನು ನಿಂತ ಜಾಗದಿಂದ 20 ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿದೆ. ಅದರ ತಲೆ ನೋಡಿ, ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿದೆ. ಮೇಲೇರಿದ ಬಿಸಿ ಗಾಳಿ ಇನ್ನು ಏರಲಾಗದೆ ಪಕ್ಕಕ್ಕೆ ಹರಡಿಕೊಂಡಾಗ ಈ ಆಕಾರ ಬರುತ್ತದೆ. ಕ್ಯುಮುಲೋನಿಂಬಸ್, ಅಂದರೆ ಗುಡುಗು ಮಿಂಚು ತರುವ ಎತ್ತರದ ಮೋಡ, ಚೆನ್ನಾಗಿ ಬೆಳೆದಿದೆ ಎಂದು ಅರ್ಥ.

ಬಿರುಮಳೆಯ ಬೆನ್ನು ಹತ್ತುವವರು ಮೋಡದ ಕೆಳಗೇ ನುಗ್ಗುತ್ತಾರೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಮಿಂಚಿನ ಫೋಟೊ ಬೇಕಾದವರು ಅಲ್ಲಿಗೆ ಹೋಗಿ ಏನು ಮಾಡಬೇಕು ಹೇಳಿ? ಮಳೆಯಲ್ಲಿ ಎಲ್ಲ ಮಸುಕು. ಲೆನ್ಸ್ ತುಂಬಾ ಹನಿ. ಮೋಡ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ದೂರ ನಿಂತರೆ ಮೋಡ, ಮಿಂಚು, ನೆಲ ಮೂರೂ ಒಂದೇ ಚೌಕಟ್ಟಿಗೆ ಸಿಗುತ್ತವೆ. ನನಗೆ ಇಷ್ಟವಾದ ಫೋಟೊಗಳೆಲ್ಲ ಹೀಗೆ ಬಂದವೇ.

ದೂರ ಅಳೆಯುವುದು ಸುಲಭ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಗುಡುಗಿನ ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಕೇಳಿಸಿತು ಅಂದರೆ ಅದು 10 ಕಿಲೋಮೀಟರ್ ಒಳಗಿದೆ, ಅಪಾಯದಷ್ಟು ಹತ್ತಿರ. ಆದರೆ ನಾನು ಅಷ್ಟು ಕಾಯುವುದಿಲ್ಲ. ಮೋಡದ ಮೇಲ್ಭಾಗದಿಂದ ಹೊರಟ ಸಿಡಿಲು 15 ಕಿಲೋಮೀಟರಿಗೂ ಆಚೆ, ಮಳೆಯೇ ಇಲ್ಲದ ಜಾಗದಲ್ಲಿ ಬೀಳುವುದುಂಟು. ಹಾಗಾಗಿ ಗುಡುಗು ಕೇಳಿಸುವ ಮೊದಲೇ ಟ್ರೈಪಾಡ್ ನಿಲ್ಲಿಸಿಬಿಡುತ್ತೇನೆ. ಮೊದಲ ಗುಡುಗು ಕೇಳಿದ ಮೇಲೆ ಕ್ಯಾಮೆರಾ ಹೊರಗೆ, ನಾನು ಕಾರಿನ ಒಳಗೆ. ಕೈಯಲ್ಲಿ ವೈರ್‌ಲೆಸ್ ರಿಮೋಟ್ ಇದ್ದರೆ ಸಾಕು. ಕಾರಿನಲ್ಲಿ ನಮ್ಮನ್ನು ಕಾಯುವುದು ಟೈರಿನ ರಬ್ಬರ್ ಅಲ್ಲ, ಸುತ್ತಲಿನ ಲೋಹದ ಮೈ. ಕರೆಂಟ್ ಅದರ ಮೇಲೇ ಹರಿದು ನೆಲ ಸೇರುತ್ತದೆ. ಗಾಜು ಏರಿಸಿಕೊಳ್ಳಿ, ಲೋಹದ ಭಾಗ ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ದಯವಿಟ್ಟು ಇಳಿಯಬೇಡಿ.

ಇನ್ನು ಕ್ಯಾಮೆರಾ. ಮಿಂಚು ಕಂಡ ಮೇಲೆ ಬಟನ್ ಒತ್ತಿದರೆ ಸಾಮಾನ್ಯವಾಗಿ ತಡವಾಗಿರುತ್ತದೆ. ರಾತ್ರಿ ಹೊತ್ತು ಶಟರನ್ನು ಮೊದಲೇ ತೆರೆದಿಟ್ಟು ಕಾಯಬೇಕು. ನಾನು ಶುರು ಮಾಡುವುದು ಐಎಸ್ಒ 100, ಎಫ್ 8, 15 ಸೆಕೆಂಡಿನಿಂದ. ಐಎಸ್ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದು. ಎಫ್ ಅಂದರೆ ಅಪರ್ಚರ್, ಲೆನ್ಸಿನ ಕಿಂಡಿಯ ಅಳತೆ. ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು. ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು. ಶಟರ್ 5 ಸೆಕೆಂಡ್ ತೆರೆದಿರಲಿ, 25 ಸೆಕೆಂಡ್ ತೆರೆದಿರಲಿ, ಫೋಟೊದಲ್ಲಿ ಮಿಂಚಿನ ಹೊಳಪು ಅಷ್ಟೇ. ಅದು ಸಾಮಾನ್ಯವಾಗಿ ಸೆಕೆಂಡ್ ಕೂಡ ತುಂಬುವ ಮೊದಲೇ ಬಂದು ಹೋಗಿರುತ್ತದಲ್ವಾ. ಶಟರ್ ಹೊತ್ತು ಹೆಚ್ಚಿಸಿದರೆ ಆಕಾಶ, ನೆಲ, ದೂರದ ದೀಪಗಳು ಹೆಚ್ಚು ಬೆಳಕಾಗಿ ಬರುತ್ತವೆ. ಮಿಂಚಿನ ಹೊಳಪು ಅಪರ್ಚರ್ ಮತ್ತು ಐಎಸ್ಒ ಕೈಯಲ್ಲಿದೆ. ಗೆರೆ ದಪ್ಪಗೆ ಬೆಳ್ಳಗೆ ಸುಟ್ಟ ಹಾಗೆ ಬಂದರೆ ಎಫ್ 11ಕ್ಕೆ ಹೋಗಿ. ದೂರದ್ದು ಸಣಕಲಾಗಿ ಬಂದರೆ ಎಫ್ 5.6.

ಆಟೋ ಫೋಕಸ್ ಆಫ್ ಮಾಡಿ, ದೂರದ ಯಾವುದಾದರೂ ದೀಪಕ್ಕೆ ಕೈಯಿಂದಲೇ ಫೋಕಸ್ ಕೂರಿಸಿ, ಅಲುಗದ ಹಾಗೆ ಲೆನ್ಸಿನ ಫೋಕಸ್ ರಿಂಗ್ ಮೇಲೆ ಒಂದು ಟೇಪ್ ಅಂಟಿಸಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಹೆಚ್ಚು ಹೊತ್ತಿನ ಫೋಟೊದಲ್ಲಿ ಬರುವ ಚುಕ್ಕೆಗಳನ್ನು ಕ್ಯಾಮೆರಾ ತಾನೇ ಅಳಿಸುವ ಸೆಟ್ಟಿಂಗ್) ಕೂಡ ಆಫ್ ಇರಲಿ. ಇಲ್ಲದಿದ್ದರೆ ಪ್ರತಿ ಫೋಟೊ ಆದಮೇಲೆ ಅಷ್ಟೇ ಹೊತ್ತು ಕ್ಯಾಮೆರಾ ಸುಮ್ನೆ ಕೂರುತ್ತದೆ.

ಈ ಫೋಟೊ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ನೆಲಕ್ಕೆ ಬರುವ ದಾರಿ ಹುಡುಕುತ್ತಾ ಕವಲೊಡೆದ ಮಿಂಚು ಇದು. ಒಂದು ಕವಲು ಮಾತ್ರ ನೆಲದಿಂದ ಎದ್ದು ಬಂದ ಕಿಡಿಯನ್ನು ಸೇರಿತು, ಅದೇ ಇಷ್ಟು ದಪ್ಪ. ಉಳಿದವು ಅರ್ಧದಲ್ಲೇ ನಿಂತವು. ಹಿಂದೆ ಚಿತ್ರಕಾರರು ಮಿಂಚು ಎಂದರೆ ಚೂಪು ಚೂಪಾದ ಅಂಕುಡೊಂಕು ಗೆರೆ ಬಿಡಿಸುತ್ತಿದ್ದರು. 1882ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಜೆನ್ನಿಂಗ್ಸ್ ತೆಗೆದ ಫೋಟೊದಲ್ಲಿ ಆ ಚೂಪು ತಿರುವುಗಳು ಇರಲಿಲ್ಲ. ಮಿಂಚಿನ ಮೊದಲ ಫೋಟೊಗಳಲ್ಲಿ ಅದೂ ಒಂದು. ಆಗಿನ ನಿಧಾನದ ಗಾಜಿನ ಪ್ಲೇಟಿನಲ್ಲಿ ಅದನ್ನು ಹಿಡಿದರಲ್ಲ, ಯೋಚಿಸಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಮಳೆ ದಾಟಿ ಹೋಯಿತು ಎಂದು ಬೇಗ ಹೊರಡಬೇಡಿ. ಮೋಡದ ಹಿಂಬದಿಯಲ್ಲಿ ಗಾಳಿ ತಿಳಿಯಾಗಿರುತ್ತದೆ. ಅಡಿಗಲ್ಲಿನಂಥ ಆ ತಲೆಯ ತಳದಲ್ಲಿ ಮಿಂಚು ಅಡ್ಡಡ್ಡ ಹರಿದು ಆಕಾಶದ ಈ ಕೊನೆಯಿಂದ ಆ ಕೊನೆಗೆ ಹೋಗುತ್ತದೆ. ಅದಕ್ಕೆ ನಿಮ್ಮ ಹತ್ತಿರ ಇರುವುದರಲ್ಲೇ ಅತಿ ಅಗಲದ ಲೆನ್ಸ್ ಹಾಕಿ. ಮುಂದೆ ಬರುವ ಫೋಟೊಗಳೆಲ್ಲ ಅಲ್ಲಿಯವೇ, ಸೆಟ್ಟಿಂಗ್ ಒಂದೊಂದರ ಕೆಳಗೂ ಬರೆದಿದ್ದೇನೆ.