ಸೈಡ್ ವಿಂಗಿನಿಂದ ಒಂದು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ನಾಟಕದಲ್ಲಿ ನನ್ನ ಕೆಲಸ ಪ್ರಾಂಪ್ಟಿಂಗ್. ಸೈಡ್ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಪುಸ್ತಕ ಹಿಡಿದು ನಿಲ್ಲಬೇಕು. ಯಾರಾದರೂ ಮಾತು ಮರೆತರೆ ಮುಂದಿನ ಸಾಲು ಮೆಲ್ಲಗೆ ಎತ್ತಿಕೊಡಬೇಕು. ಹದಿನೆಂಟು ವರ್ಷದಿಂದ ಇದೇ ಕೆಲಸ. ಎದುರಿಗೆ ಕೂತವರಿಗೆ ನನ್ನ ದನಿ ಕೇಳಿಸಿತು ಅಂದರೆ ಅವತ್ತು ನನ್ನ ಮರ್ಯಾದೆ ಹೋಯಿತು ಅಂತಲೇ ಲೆಕ್ಕ. ಅಂಥವನನ್ನು ರೇಡಿಯೋದವರು ಕರೆದು ಮೈಕಿನ ಮುಂದೆ ಕೂರಿಸಿದ್ದಾರೆ. 'ಸ್ವಲ್ಪ ಜೋರಾಗಿ ಮಾತಾಡಿ' ಅಂತ ಆಗಲೇ ಎರಡು ಸಲ ಹೇಳಿದ್ದಾರೆ. ಅಭ್ಯಾಸ ಇಲ್ಲ ನೋಡಿ.

ನಮ್ಮದು ಕಾರವಾರದ ಒಂದು ಹವ್ಯಾಸಿ ತಂಡ. ಎಲ್ಲರೂ ಹೊಟ್ಟೆಪಾಡಿಗೆ ಬೇರೆ ಏನೋ ಮಾಡುವವರು. ಬ್ಯಾಂಕಿನವರಿದ್ದಾರೆ, ಬಂದರಿನಲ್ಲಿ ಲೆಕ್ಕ ಬರೆಯುವವರಿದ್ದಾರೆ, ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟವರಿದ್ದಾರೆ. ನಾಟಕ ಮಾಡಿಸುವವರು ಒಬ್ಬರು ನಿವೃತ್ತ ಶಿಕ್ಷಕಿ. ಅವರನ್ನು ಎಲ್ಲರೂ ಅಕ್ಕೋರೇ ಅಂತಲೇ ಕರೆಯುತ್ತೇವೆ. ಪಟ್ಟಿಯಲ್ಲಿ 22 ಜನ ಇದ್ದೇವೆ. ತಾಲೀಮಿಗೆ ಬರುವವರು 11. ಚಹಾ ಬರುವ ಹೊತ್ತಿಗೆ 15 ಆಗುತ್ತಾರೆ.

ಈ ವರ್ಷ ಏನೇನು ಮಾಡಿದಿರಿ ಅಂತ ಕೇಳಿದರೆ, ದೊಡ್ಡದಾಗಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಚೌತಿ ಹೊತ್ತಿಗೆ ಒಂದು ನಗೆನಾಟಕ ಆಡಿದೆವು, ಮೂರು ಕಡೆ. ಎರಡನೇ ಕಡೆ ನಡುವೆ ಕರೆಂಟ್ ಹೋಯಿತು. ಜನ ಮೊಬೈಲ್ ಟಾರ್ಚ್ ಹಿಡಿದು ಉಳಿದ ನಾಟಕ ನೋಡಿದರು. ಅವತ್ತೇ ಜಾಸ್ತಿ ಚೆನ್ನಾಗಿ ಬಂತು. ದೀಪಾವಳಿ ಆದಮೇಲೆ ಅಂಕೋಲಾ ಹತ್ತಿರದ ಒಂದು ಊರಿಗೆ ಹೋದೆವು. ಅಲ್ಲಿ ಎದುರಿಗೆ ಕೂತಿದ್ದವರು ನಲವತ್ತು ಜನ ಇರಬಹುದು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವತ್ತೇ ಎರಡು ಕಿಲೋಮೀಟರ್ ಆಚೆ ಆಟ ಇತ್ತು. ನಮ್ಮ ಜಿಲ್ಲೆಯಲ್ಲಿ ಆಟ ಅಂದರೆ ಯಕ್ಷಗಾನ. ಅದು ಇದ್ದ ದಿನ ನಾಟಕ ಇಟ್ಟುಕೊಂಡವನ ತಲೆ ಸರಿ ಇಲ್ಲ ಅಂತಲೇ ಅರ್ಥ. ನಮ್ಮ ಚೆಂಡೆಯ ಹುಡುಗನೂ ಅರ್ಧ ಗಂಟೆ ಮೊದಲೇ 'ಹೋಗಿ ಬರಲಾ' ಅಂತ ಅಕ್ಕೋರನ್ನು ಕೇಳಿದ್ದ.

ಸಭಾಂಗಣದ ಬಾಡಿಗೆಯ ಕಷ್ಟ ಹೇಳುತ್ತಾ ಕೂತರೆ ಈ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಒಂದು ಮಾತು ಹೇಳಿ ಬಿಡುತ್ತೇನೆ. ಒಂದು ಕಡೆ ವಿಚಾರಿಸಿದಾಗ ಮದುವೆಗೂ ನಾಟಕಕ್ಕೂ ಒಂದೇ ದರ ಅಂದರು. ಮದುವೆಯಲ್ಲಿ ಮುಯ್ಯಿ ಬರುತ್ತದೆ, ನಮಗೆ ಅದೂ ಇಲ್ಲ.

ಇನ್ನು ಮುಂದಿನ ನಾಟಕಕ್ಕೆ ಬರುತ್ತೇನೆ. ಇದು ಶುರುವಾಗಿದ್ದು ಮಳೆಗಾಲದಲ್ಲಿ. ಜೂನ್ ಹಿಡಿಯಿತು ಅಂದರೆ ಇಲ್ಲಿ ಬಯಲಲ್ಲಿ ಏನೂ ಮಾಡುವ ಹಾಗಿಲ್ಲ. ವಾರಕ್ಕೊಮ್ಮೆ ಒಂದು ಶಾಲೆಯ ಕೋಣೆಯಲ್ಲಿ ಕೂತು ನಾಟಕ ಓದುತ್ತೇವೆ. ಮೇಲೆ ತಗಡಿನ ಶೀಟು. ಮಳೆ ಜೋರಾದರೆ ಪಕ್ಕದವರು ಓದಿದ್ದೂ ಕೇಳಿಸುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳಬೇಕು. ಅಂಥ ಒಂದು ಸಂಜೆ ಅಕ್ಕೋರು ಕೇಳಿದರು. 'ನಮ್ಮ ಕಡಲತೀರಕ್ಕೆ ಟಾಗೋರರ ಹೆಸರಿದೆಯಲ್ಲ, ಅವರು ಇಲ್ಲಿದ್ದು ಬರೆದದ್ದೇನು, ಯಾರಿಗಾದರೂ ಗೊತ್ತಾ?'

ಯಾರೂ ಮಾತಾಡಲಿಲ್ಲ. ನನಗೂ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ದಿನಾ ಸಂಜೆ ಅಲ್ಲೇ ವಾಕಿಂಗ್ ಹೋಗುತ್ತೇನೆ. ಕಡಲೆ ತಿನ್ನುತ್ತಾ 'ಟಾಗೋರ್ ಬೀಚಿನಲ್ಲಿದ್ದೇನೆ' ಅಂತ ಫೋನಿನಲ್ಲಿ ಹೇಳುತ್ತೇನೆ. ಅಷ್ಟೇ.

ಬರೆದದ್ದು ಒಂದು ನಾಟಕ. ಬಂಗಾಳಿಯಲ್ಲಿ ಅದರ ಹೆಸರು 'ಪ್ರಕೃತಿರ್ ಪ್ರತಿಶೋಧ'. ಪ್ರಕೃತಿ ತೀರಿಸಿಕೊಂಡ ಸೇಡು ಅನ್ನಬಹುದು. ಬಂಗಾಳದ ಹುಡುಗ ಇಲ್ಲಿಗೆ ಬಂದದ್ದು ಹೇಗೆ ಅಂದರೆ, ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್, ಅಂದರೆ ಬ್ರಿಟಿಷರ ಕಾಲದ ದೊಡ್ಡ ಆಡಳಿತ ಪರೀಕ್ಷೆ, ಪಾಸಾದ ಮೊದಲ ಭಾರತೀಯರು. ಅವರ ಕೆಲಸ ಮುಂಬೈ ಪ್ರಾಂತ್ಯದಲ್ಲಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಅವರು ಕಾರವಾರಕ್ಕೆ ಜಡ್ಜ್ ಆಗಿ ಬಂದರು. ಅಣ್ಣನ ಮನೆಗೆ ತಮ್ಮ ಬಂದ. ಆಗ ತಮ್ಮನಿಗೆ ಇಪ್ಪತ್ತೆರಡರ ಆಸುಪಾಸು. ಮದುವೆಯೂ ಆಗಿರಲಿಲ್ಲ. ಇಲ್ಲಿಂದ ಹೋದ ಸ್ವಲ್ಪ ದಿನಕ್ಕೇ ಮದುವೆ ಆಯಿತು. ನಾಟಕ 1884ರಲ್ಲಿ ಅಚ್ಚಾಯಿತು.

ಟಾಗೋರರು ತಮ್ಮ ನೆನಪುಗಳಲ್ಲಿ ಕಾರವಾರದ ಬಗ್ಗೆ ಬರೆದಿದ್ದಾರೆ. ಉದ್ದದ ಮರಳು, ಅಂಚಿನಲ್ಲಿ ಗಾಳಿಮರಗಳು, ಒಂದು ತುದಿಗೆ ಕಾಳಿ ನದಿ. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ಸಣ್ಣ ದೋಣಿ ಹತ್ತಿ ನದಿಯಲ್ಲಿ ಮೇಲಕ್ಕೆ ಹೋದರಂತೆ. ಶಿವಾಜಿ ಕಾಲದ ಕೋಟೆಯ ಹತ್ತಿರ ಇಳಿದು, ಒಬ್ಬ ರೈತನ ಅಂಗಳದಲ್ಲಿ ಕೂತು, ಕಟ್ಟಿಕೊಂಡು ಹೋದದ್ದನ್ನು ತಿಂದರಂತೆ. ವಾಪಸ್ ಬರುವಾಗ ದೋಣಿಯನ್ನು ನೀರಿನ ಇಳಿತಕ್ಕೇ ಬಿಟ್ಟರು. ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದುಕೊಂಡೇ ಮನೆಗೆ ಬಂದರು. ಅದನ್ನು ಓದಿದಾಗ ನಮ್ಮ ತಂಡದಲ್ಲಿರುವ, ನದಿಯ ಆಚೆ ದಡದ ಸದಾಶಿವಗಡದ ಇಬ್ಬರು ಮುಖ ಮುಖ ನೋಡಿಕೊಂಡರು. 2024ರ ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಆಗ ಎಷ್ಟೋ ದಿನ ಅವರು ತಾಲೀಮಿಗೆ ಬರುವುದೇ ದೊಡ್ಡ ಸಾಹಸ ಆಗಿತ್ತು. 'ಅವರ ಹಾಗೆ ದೋಣಿಯಲ್ಲೇ ಬರಬಹುದಿತ್ತು' ಅಂದ ಒಬ್ಬ.

ಕಥೆ ಸಣ್ಣದು. ಒಬ್ಬ ಸಂನ್ಯಾಸಿ. ಗುಹೆಯಲ್ಲಿ ಕೂತು ಆಸೆ, ಮಮತೆ ಎಲ್ಲ ಕಡಿದುಕೊಂಡು, ಪ್ರಕೃತಿಯನ್ನೇ ಗೆದ್ದೆ ಅಂದುಕೊಂಡಿದ್ದಾನೆ. ಈಗ ಊರಿನ ದಾರಿಗೆ ಬಂದು ಜನರನ್ನು ನೋಡಿ ನಗುತ್ತಾನೆ. ಅಲ್ಲಿ ಒಬ್ಬ ತಬ್ಬಲಿ ಹುಡುಗಿ. ಮುಟ್ಟಬಾರದವಳು ಅಂತ ಊರವರು ಅವಳನ್ನು ದೂರ ಇಟ್ಟಿದ್ದಾರೆ. ಅವಳು ಇವನ ಬೆನ್ನು ಹಿಡಿಯುತ್ತಾಳೆ. ತನ್ನೊಳಗೆ ಮಮತೆ ಹುಟ್ಟುತ್ತಿದೆ ಅಂತ ಗೊತ್ತಾದ ಕೂಡಲೇ ಸಂನ್ಯಾಸಿಗೆ ಹೆದರಿಕೆ. ಬಿಟ್ಟು ಓಡುತ್ತಾನೆ. ಆಮೇಲೆ ಕೋಲನ್ನೂ ಭಿಕ್ಷಾಪಾತ್ರೆಯನ್ನೂ ಬಿಸಾಕಿ ವಾಪಸ್ ಬರುತ್ತಾನೆ. ಆಗ ಏನಾಗಿರುತ್ತದೆ ಅಂತ ಹೇಳುವುದಿಲ್ಲ. ನೀವು ಬರಬೇಕಲ್ಲ.

1917ರಲ್ಲಿ ಇದು ಇಂಗ್ಲಿಷಿನಲ್ಲಿ ಸಂನ್ಯಾಸಿ ಅನ್ನುವ ಹೆಸರಲ್ಲಿ ಬಂತು. ನಮ್ಮಲ್ಲಿ ಒಬ್ಬ ಮಾಸ್ತರ್ರು ಅದನ್ನು ಇಟ್ಟುಕೊಂಡು ಕನ್ನಡ ಮಾಡಿದರು. ಮೂಲದಲ್ಲಿ ಏನಿದೆ ಅಂತ ನೋಡಬೇಕಲ್ವಾ? ಇಲ್ಲಿನ ನೌಕಾನೆಲೆಯಲ್ಲಿ ಕೆಲಸ ಮಾಡುವ ಒಬ್ಬರ ಮನೆಯವರು ಬಂಗಾಳದವರು. ಅವರು ಬಂದು ಬಂಗಾಳಿ ಓದಿ ಹೇಳಿದರು. ಇಂಗ್ಲಿಷಿನಲ್ಲಿ ತುಂಬಾ ಕತ್ತರಿಸಿದ್ದಾರೆ, ಹಾಡುಗಳೇ ಹೋಗಿವೆ ಅಂತ ಬೇಜಾರು ಮಾಡಿಕೊಂಡರು. ಒಂದು ಹಾಡನ್ನು ಅಲ್ಲೇ ಹಾಡಿದರು. ಅವತ್ತೂ ಮಳೆ. ಆದರೂ ಕೇಳಿಸಿತು.

ಅಕ್ಕೋರ ತಲೆಯಲ್ಲಿ ಒಂದು ಯೋಚನೆ ಬಂದದ್ದು ಆಮೇಲೆ. ಈ ನಾಟಕದಲ್ಲಿ ದಾರಿಯಲ್ಲಿ ಹೋಗುವ ಜನ ತುಂಬಾ ಇದ್ದಾರೆ. ಹೂ ಮಾರುವವರು, ಸುಮ್ನೆ ವಾದ ಮಾಡುವ ವಿದ್ಯಾರ್ಥಿಗಳು, ಹರಟೆ ಹೊಡೆಯುವ ಹೆಂಗಸರು. ಅವರೆಲ್ಲ ಪುಸ್ತಕದ ಕನ್ನಡ ಯಾಕೆ ಮಾತಾಡಬೇಕು? ಕಾರವಾರದ ರಸ್ತೆಯಲ್ಲಿ ನಿಂತು ಕೇಳಿ. ಅರ್ಧ ಕೊಂಕಣಿ, ಅರ್ಧ ಕನ್ನಡ, ನಡುವೆ ಎರಡು ಮರಾಠಿ ಮಾತು. ಹಾಗಾಗಿ ಊರಿನ ಜನ ಊರಿನ ಮಾತನ್ನೇ ಆಡಲಿ, ಸಂನ್ಯಾಸಿ ಒಬ್ಬನೇ ಗ್ರಂಥದ ಹಾಗೆ ಮಾತಾಡಲಿ ಅಂದರು. ಹುಡುಗಿಯ ಜೊತೆ ಇದ್ದೂ ಇದ್ದೂ ಅವನ ಮಾತು ನಿಧಾನಕ್ಕೆ ಬದಲಾಗುತ್ತದೆ. ಓಡಿಹೋದವನು ವಾಪಸ್ ಬಂದು ದಾರಿಯಲ್ಲಿ ಎದುರಾದವರನ್ನು ಕೇಳುವುದು ಕೊಂಕಣಿಯಲ್ಲಿ. ಇಡೀ ನಾಟಕದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದು. ಟಾಗೋರರು ಬರೆದದ್ದಲ್ಲ, ಆದರೆ ಅವರು ಬೇಡ ಅನ್ನುತ್ತಿರಲಿಲ್ಲ ಅಂತ ನನ್ನ ಅಂದಾಜು.

ಆ ಮಾತು ಕಲಿಯಲು ಇಡೀ ತಂಡ ಎರಡು ಭಾನುವಾರ ಸಂತೆಗೆ ಹೋಯಿತು. ಚೀಲ ಹಿಡಿದುಕೊಂಡು ಸುಮ್ಮನೆ ಕೇಳುತ್ತಾ ನಿಲ್ಲುವುದು. ಅಂಕೋಲಾ ಕಡೆಯಿಂದ ತರಕಾರಿ ತರುವ ಹೆಂಗಸರು ಇರುತ್ತಾರಲ್ಲ, ಅವರಲ್ಲಿ ಒಬ್ಬರು ನಮ್ಮ ಬ್ಯಾಂಕಿನವರನ್ನು ಹತ್ತು ನಿಮಿಷ ನೋಡಿದರು. ಆಮೇಲೆ, 'ತಮಾ, ಬಸಳೆ ತಕಂತ್ಯೋ, ಇಲ್ಲಾ ಬರೀ ನೋಡ್ತ್ಯೋ?' ಅಂದರು. ಆ ಸಾಲು ಈಗ ನಾಟಕದಲ್ಲಿದೆ. ಸಂನ್ಯಾಸಿ ಸಂತೆಯ ನಡುವೆ ನಿಂತು ಲೋಕ ಎಲ್ಲ ಮಾಯೆ ಅಂತ ಹೇಳುತ್ತಿರುವಾಗ ಹಿಂದಿನಿಂದ ಬರುತ್ತದೆ. ಬಸಳೆ ನಾವು ಮೂರು ಕಟ್ಟು ತಗೊಂಡೆವು. ತಗೊಳ್ಳದಿದ್ದರೆ ತಪ್ಪಾಗುತ್ತಿತ್ತು.

ಸಂನ್ಯಾಸಿ ಪಾತ್ರ ಮಾಡುವವರು ಆ ಎಲೆಕ್ಟ್ರಿಕ್ ಅಂಗಡಿಯವರು. ಊರು ಹೊನ್ನಾವರದ ಕಡೆ. ಚಿಕ್ಕಂದಿನಿಂದ ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳಿದವರು. ದನಿ ಬಹಳ ಚೆನ್ನಾಗಿದೆ, ಒಪ್ಪಿದೆ. ಆದರೆ ಪ್ರಾಂಪ್ಟರಿಗೆ ಅಂಥವರ ಸಹವಾಸ ಬೇಡ. ಅರ್ಥ ಹೇಳುವವನಿಗೆ ಪದ್ಯ ಕೊಟ್ಟರೆ ಸಾಕು, ಮಾತು ಅವನೇ ಕಟ್ಟುತ್ತಾನೆ. ಇವರೂ ಹಾಗೇ. ಪುಸ್ತಕದಲ್ಲಿ ಒಂದು ಸಾಲಿದ್ದರೆ ಇವರು ಹತ್ತು ಸಾಲು ಆಡುತ್ತಾರೆ. ಎದುರಿನವರು ತಮ್ಮ ಸರದಿ ಯಾವಾಗ ಅಂತ ನನ್ನ ಮುಖ ನೋಡುತ್ತಾರೆ. ನಾನು ಪುಟ ತಿರುಗಿಸುತ್ತಾ ಇವರು ಎಲ್ಲಿದ್ದಾರೆ ಅಂತ ಹುಡುಕುತ್ತೇನೆ. 'ಅಣ್ಣಾ, ಇಲ್ಲಿ ಇಷ್ಟೇ ಇರೋದು' ಅಂದರೆ, 'ಹೌದಾ? ಭಾವ ಬಂತು ಮಾರಾಯಾ' ಅನ್ನುತ್ತಾರೆ.

ಇವರ ಈ ಚಾಳಿ ಒಂದೇ ದಿನದಲ್ಲಿ ಬಿಟ್ಟಿತು. ಬಿಡಿಸಿದ್ದು ಅಕ್ಕೋರಲ್ಲ, ನಾನೂ ಅಲ್ಲ. ಹುಡುಗಿಯ ಪಾತ್ರ ಮಾಡುವವಳು ಏಳನೇ ಕ್ಲಾಸಿನಲ್ಲಿ ಓದುತ್ತಾಳೆ. ಅಮ್ಮ ಮೀನು ಮಾರುತ್ತಾರೆ. ಬೆಳಿಗ್ಗೆ ಬೇಗ ಎದ್ದು ಅಮ್ಮನಿಗೆ ಕೈ ಜೋಡಿಸಿ, ಶಾಲೆ ಮುಗಿಸಿ, ಆಮೇಲೆ ತಾಲೀಮಿಗೆ ಬರುವ ಮಗು. ಅವತ್ತು ಸಂನ್ಯಾಸಿಯ ದೊಡ್ಡ ಮಾತು ನಡೆದಿತ್ತು. ಗುಹೆ, ಕತ್ತಲೆ, ಅನಂತ, ಎಲ್ಲಾ. ಅವಳು ಅವರ ಕಾಲ ಹತ್ತಿರ ಕೂತಿರಬೇಕು. ಕೂತವಳು ಹಾಗೇ ತಲೆ ವಾಲಿಸಿ ನಿದ್ದೆ ಹೋದಳು. ನಟನೆ ಅಲ್ಲ, ನಿಜವಾದ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈಯಲ್ಲಿ ಬಿಸ್ಕೆಟ್ ಹಾಗೇ ಇತ್ತು.

ಅಣ್ಣ ಏರುದನಿಯಲ್ಲಿದ್ದವರು ಕೆಳಗೆ ನೋಡಿದರು. ಮಾತು ನಿಲ್ಲಿಸಲಿಲ್ಲ. ದನಿ ಇಳಿಸಿದರು. ಅದೇ ಮಾತು, ಅನಂತದ ಬಗ್ಗೆಯೇ, ಆದರೆ ತೊಟ್ಟಿಲು ತೂಗುವ ಹೊತ್ತಿನ ದನಿ. ಪುಸ್ತಕದಲ್ಲಿ ಇದ್ದಷ್ಟೇ ಹೇಳಿ ಮುಗಿಸಿದರು. ಒಂದು ಅಕ್ಷರ ಜಾಸ್ತಿ ಇಲ್ಲ. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಅಕ್ಕೋರು ನನ್ನ ಕಡೆ ತಿರುಗಿ, 'ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ, ಇದು ಹೀಗೇ ಇರಲಿ' ಅಂತ ಪಿಸುಗುಟ್ಟಿದರು. ಪೆನ್ಸಿಲಿನಲ್ಲಿ ಬರೆದುಕೊಂಡೆ. 'ಇಲ್ಲಿ ಹುಡುಗಿ ನಿದ್ದೆ.' ಎದ್ದಮೇಲೆ ಅವಳು ಮೊದಲು ಕೇಳಿದ್ದು, 'ಮಾಮಾ, ನನ್ನ ಮಾತು ಹೋಯ್ತಾ?' ಅಂತ.

ಆಡುವ ಜಾಗ ಟಾಗೋರ್ ಕಡಲತೀರದ ಮರಳು. ಅಲ್ಲೇ ಮಯೂರವರ್ಮ ವೇದಿಕೆ ಇದೆ, ಆದರೆ ಅಷ್ಟು ದೊಡ್ಡ ವೇದಿಕೆ ತುಂಬಲು ನಾವು ಸಾಲುವುದಿಲ್ಲ. ಪಕ್ಕದಲ್ಲಿ ಹೆದ್ದಾರಿ. ಲಾರಿ ಹಾರ್ನ್ ತಪ್ಪಿದ್ದಲ್ಲ. ಇನ್ನೊಂದು ಪೇಚು ಅಂದರೆ ಚಾಪಲ್ ಯುದ್ಧನೌಕೆ. ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರಲ್ಲ, ಮಕ್ಕಳೆಲ್ಲ ನೋಡಿರುತ್ತಾರೆ. ಸಂನ್ಯಾಸಿಯ ಗುಹೆಯ ಹಿಂದೆ ಕ್ಷಿಪಣಿ ಕಂಡರೆ ಹೇಗೆ? ಬಟ್ಟೆ ಕಟ್ಟಿ ಮರೆ ಮಾಡೋಣ ಅಂದರು ಒಬ್ಬರು. ಹಡಗಿಗೆ ಬಟ್ಟೆ ಕಟ್ಟಲು ಎಷ್ಟು ಸೀರೆ ಬೇಕು ಅಂತ ಲೆಕ್ಕ ಹಾಕಿ ಸುಮ್ಮನಾದೆವು. ಈಗ ಜಾಗವನ್ನೇ ಸ್ವಲ್ಪ ಆಚೆ ಸರಿಸಿದ್ದೇವೆ.

ದಿನ ಗೊತ್ತು ಮಾಡಿದ್ದು ಪಂಚಾಂಗ ನೋಡಿ. ಬರುವ ಭಾರತ ಹುಣ್ಣಿಮೆಯ ಸಂಜೆ ಏಳಕ್ಕೆ ಶುರು. ನೀವು ಸಮುದ್ರಕ್ಕೆ ಮುಖ ಮಾಡಿ ಕೂರುತ್ತೀರಿ. ಚಂದ್ರ ನಿಮ್ಮ ಬೆನ್ನ ಹಿಂದೆ ಗುಡ್ಡದ ಕಡೆಯಿಂದ ಬರುತ್ತಾನೆ. ಬೆಳಕೆಲ್ಲ ಆಡುವವರ ಮುಖದ ಮೇಲೆ. ಲೈಟಿನ ಖರ್ಚು ಅರ್ಧ ಉಳಿಯಿತು ಅಂತ ಖಜಾಂಚಿಗೆ ಖುಷಿ. ಆದರೆ ಹುಡುಗಿಯ ಅಪ್ಪ ಮೀನುಗಾರರು, ಅವರು ಒಂದು ಎಚ್ಚರಿಕೆ ಕೊಟ್ಟರು. ಹುಣ್ಣಿಮೆ ದಿನ ಸಂಜೆ ಐದರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ, ಆಮೇಲೆ ಏರಲು ಶುರು, ಹನ್ನೊಂದರ ಹೊತ್ತಿಗೆ ತುಂಬು ಭರತಿ. ಒಂಬತ್ತರೊಳಗೆ ಮುಗಿಸಿ ಎದ್ದುಬಿಡಿ ಅಂದರು. ಹಾಗಾಗಿ ಎಂಟೂವರೆಗೆ ಮುಗಿಯುತ್ತದೆ. ಅಣ್ಣನಿಗೂ ಈ ಮಾತು ಹೇಳಿದ್ದೇವೆ. ಭಾವ ಬಂದರೆ ನೀರೂ ಬರುತ್ತದೆ ಅಂತ.

ಟಿಕೆಟ್ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿ ಇಟ್ಟಿರುತ್ತೇವೆ. ಮನೆಯಿಂದ ಚಾಪೆ ತನ್ನಿ, ಕುರ್ಚಿ ಮರಳಲ್ಲಿ ಹುಗಿಯುತ್ತದೆ. ಹಿರಿಯರಿಗೆ ಮಾತ್ರ ಹಿಂದೆ ಹಲಗೆ ಹಾಕಿ ಸ್ವಲ್ಪ ಕುರ್ಚಿ ಇಡುತ್ತೇವೆ. ಮೊಬೈಲ್ ಟಾರ್ಚ್ ಈ ಸಲ ಬೇಡ.

ನಾನು ಎಲ್ಲಿರುತ್ತೇನೆ ಅಂದರೆ, ಮರಳಿನ ಮೇಲೆ ಸೈಡ್ ವಿಂಗ್ ಎಲ್ಲಿಂದ ಬರಬೇಕು? ಎಡಗಡೆ ಒಂದು ಪಾತಿ ದೋಣಿ ಕವುಚಿ ಹಾಕಿರುತ್ತಾರೆ, ಅದರ ಹಿಂದೆ ಕೂತಿರುತ್ತೇನೆ. ಸಮುದ್ರದ ಗಾಳಿ ಪೂರ್ತಿ ನಿಂತಿರದಿದ್ದರೆ ಅದು ನನ್ನ ಕಡೆಯಿಂದ ನಿಮ್ಮ ಕಡೆಗೇ ಬೀಸುತ್ತದೆ. ನಾನು ಎಷ್ಟೇ ಮೆಲ್ಲಗೆ ಹೇಳಿದರೂ ಮುಂದಿನ ಸಾಲಿನವರಿಗೆ ಮುಟ್ಟುತ್ತದೆ, ತಾಲೀಮಿನಲ್ಲೇ ನೋಡಿದ್ದೇವೆ. ಹಾಗೇನಾದರೂ ದೋಣಿಯ ಹಿಂದಿನಿಂದ ಒಂದು ದನಿ ಕೇಳಿಸಿದರೆ, ರೇಡಿಯೋದಲ್ಲಿ ಮಾತಾಡಿದ ಮನುಷ್ಯ ಇವನೇ ಅಂತ ಗುರುತು ಹಿಡಿದು ಸುಮ್ಮನಿದ್ದುಬಿಡಿ. ನಮಸ್ಕಾರ.