ಯಾವ ಧ್ಯಾನದಲ್ಲಿದ್ದೀಯ: ನಮಾಜು ಮತ್ತು ನೆನಪು

ಅಧ್ಯಕ್ಷರೇ, ಹಿರಿಯರೇ, ಗೆಳೆಯರೇ,

ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದರೆ ನಮ್ಮ ಮನೆಗಳಲ್ಲಿ ಬೀಳುವ ಮೊದಲ ಬೈಗುಳ ‘ಯಾವ ಧ್ಯಾನದಲ್ಲಿದ್ದೀಯ?’ ಎಂಬುದು. ಪರೀಕ್ಷೆ ನಾಳೆ ಎನ್ನುವಾಗಲೂ ಬ್ಯಾಟು ಹಿಡಿದು ತಿರುಗುವ ಹುಡುಗನನ್ನು ‘ಅವನಿಗೆ ಮೂರು ಹೊತ್ತೂ ಆಟದ್ದೇ ಧ್ಯಾನ’ ಎನ್ನುತ್ತೇವೆ. ಈ ಮಾತುಗಳಲ್ಲಿ ಬರುವ ಧ್ಯಾನಕ್ಕೆ ಕಣ್ಣು ಮುಚ್ಚಬೇಕಾಗಿಲ್ಲ, ಮನಸ್ಸನ್ನು ಬರಿದು ಮಾಡಬೇಕಾಗಿಯೂ ಇಲ್ಲ. ಮನಸ್ಸು ಒಂದು ಕಡೆ ನೆಟ್ಟಿದೆ, ಉಳಿದದ್ದೆಲ್ಲ ಮರೆತುಹೋಗಿದೆ ಎಂದಷ್ಟೇ ಅರ್ಥ.

‘ನಿಮ್ಮಲ್ಲಿ ನಮಾಜಿದೆ, ಸರಿ. ಧ್ಯಾನ ಇಲ್ಲವಲ್ಲ?’ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಕೇಳುವವರ ಕಣ್ಣ ಮುಂದೆ ಇರುವುದು ಪದ್ಮಾಸನ ಹಾಕಿ ಕುಳಿತ ಒಬ್ಬ ಮೌನಿ. ನಾನು ಹಾಲುಕ್ಕಿಸಿದವಳ ಧ್ಯಾನವನ್ನು ಹಿಡಿದುಕೊಂಡು ಉತ್ತರಿಸುತ್ತೇನೆ, ಏಕೆಂದರೆ ಇಸ್ಲಾಮಿನ ಮಾತಿಗೆ ಅದೇ ಹತ್ತಿರ.

ಆ ಮಾತು ‘ಜಿಕ್ರ್’. ಅರಬಿಯಲ್ಲಿ ಇದಕ್ಕೆ ನೆನಪು ಎಂಬ ಅರ್ಥವಿದೆ, ಹೆಸರೆತ್ತುವುದು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಇದಕ್ಕೆ ‘ನೆನೆ’ ಎಂಬುದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ನಾವು ದೇವರನ್ನು ನೆನೆಯುತ್ತೇವೆ, ಮಳೆಯಲ್ಲೂ ನೆನೆಯುತ್ತೇವೆ, ಕಡಲೆಯನ್ನು ರಾತ್ರಿಯಿಡೀ ನೆನೆಹಾಕುತ್ತೇವೆ. ಪ್ರವಾದಿ ಮುಹಮ್ಮದರ ಬಳಿಗೆ ಒಬ್ಬಾತ ಬಂದು, ‘ಧರ್ಮದ ವಿಧಿಗಳು ನನಗೆ ಬಹಳವಾದವು, ಹಿಡಿದುಕೊಳ್ಳಲು ಒಂದೇ ಒಂದನ್ನು ಹೇಳಿ’ ಎಂದಾಗ ಅವರು ಹೇಳಿದ್ದು, ‘ನಿನ್ನ ನಾಲಿಗೆ ಅಲ್ಲಾಹನ ಜಿಕ್ರ್‌ನಿಂದ ಸದಾ ಒದ್ದೆಯಾಗಿರಲಿ’ ಎಂದು. ಇದನ್ನು ಓದುವಾಗೆಲ್ಲ, ಈ ಹದೀಸನ್ನು, ಎಂದರೆ ಪ್ರವಾದಿಯವರ ಈ ನುಡಿಯನ್ನು, ಕನ್ನಡಕ್ಕೆ ತರುವವರ ಕೆಲಸವನ್ನು ನಮ್ಮ ಭಾಷೆ ಮೊದಲೇ ಮಾಡಿಟ್ಟಿದೆ ಎಂದು ಸಂತೋಷವಾಗುತ್ತದೆ.

ಪದಗಳ ಮಾತು ಬಂದಿರುವುದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಕುರ್‌ಆನ್ ಬಳಸುವ ಪದ ‘ಸಲಾತ್’. ನಾವು ಹೇಳುವ ‘ನಮಾಜು’ ಪಾರಸಿಯದು, ಸಂಸ್ಕೃತದ ‘ನಮಸ್’ ಅದರ ದಾಯಾದಿ. ಕರಾವಳಿಯ ಬ್ಯಾರಿಗಳು ‘ನಿಸ್ಕಾರ’ ಎನ್ನುತ್ತಾರೆ. ಅದರೊಳಗೆ ನಮಸ್ಕಾರವೇ ಕುಳಿತಿದೆ.

ಈಗ ನಮಾಜಿಗೆ ಬರೋಣ. ಕುರ್‌ಆನಿನ ಇಪ್ಪತ್ತನೆಯ ಅಧ್ಯಾಯದಲ್ಲಿ ಪ್ರವಾದಿ ಮೂಸಾ (ಮೋಸೆಸ್) ಅವರಿಗೆ ಬರುವ ಆಜ್ಞೆ, ‘ನನ್ನ ನೆನಪಿಗಾಗಿ ನಮಾಜನ್ನು ನೆಲೆಗೊಳಿಸು’ ಎಂದು. ಅಲ್ಲಿಗೆ ಇವೆರಡರ ಸಂಬಂಧ ಹೇಳಿ ಮುಗಿದಂತಾಯಿತು. ನೆನಪೇ ಗುರಿ, ನಮಾಜು ಅದಕ್ಕೆ ಮಾಡಿಕೊಟ್ಟ ಮೈ. ಹಾಗಾದರೆ ಮೈ ಏಕೆ ಬೇಕು, ಕುಳಿತಲ್ಲೇ ನೆನೆದರೆ ಸಾಲದೇ? ಸಾಲದು ಎನ್ನುವವರ ಗುಂಪಿನವನು ನಾನು. ಮನಸ್ಸನ್ನು ನೇರವಾಗಿ ಹಿಡಿಯಲು ಹೋದರೆ ಅದು ಸಿಗುವುದಿಲ್ಲ. ಮೈಯನ್ನು ಹಿಡಿದರೆ ಕೆಲವೊಮ್ಮೆ ಹಿಂದೆಯೇ ಬರುತ್ತದೆ.

ಮೊದಲು ನೀರು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆಗೆ ಒದ್ದೆ ಕೈ, ಕೊನೆಗೆ ಪಾದ. ಇದು ವುಜೂ. ಆಮೇಲೆ ನಿಂತು, ಎರಡೂ ಕೈಗಳನ್ನೆತ್ತಿ ‘ಅಲ್ಲಾಹು ಅಕ್ಬರ್’ ಎನ್ನುವುದು. ಈ ಮೊದಲ ಉದ್ಗಾರಕ್ಕೆ ‘ತಕ್ಬೀರೆ ತಹ್ರೀಮಾ’ ಎಂದು ಹೆಸರು. ತಹ್ರೀಮಾ ಎಂದರೆ ನಿಷಿದ್ಧಗೊಳಿಸುವುದು. ಇಷ್ಟು ಹೊತ್ತು ಸರಿಯಾಗಿದ್ದ ತಿನ್ನುವುದು, ಮಾತಾಡುವುದು, ತಿರುಗಿ ನೋಡುವುದು ಎಲ್ಲ ಆ ಕ್ಷಣದಿಂದ ನಿಷಿದ್ಧ. ಹೊರಗಿನ ಬಾಗಿಲು ಹಾಕಿಕೊಂಡಂತೆ. ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ ಸಲಾಂ ಹೇಳಿದಾಗ ಮತ್ತೆ ಬಾಗಿಲು ತೆರೆಯುತ್ತದೆ. ನಡುವೆ ನಿಲ್ಲುವುದು, ಬಾಗುವುದು, ಮತ್ತೆ ನೆಟ್ಟಗಾಗುವುದು, ಎರಡು ಸಲ ನೆಲಕ್ಕೆ ಹಣೆ ಹಚ್ಚುವುದು. ಈ ಒಂದು ಸುತ್ತು ಒಂದು ರಕಾತ್. ಐದು ಹೊತ್ತಿನ ಕಡ್ಡಾಯ ನಮಾಜುಗಳಲ್ಲಿ 2, 4, 4, 3, 4, ಒಟ್ಟು 17 ರಕಾತ್. ಪ್ರತಿಯೊಂದರಲ್ಲೂ ಕುರ್‌ಆನಿನ ಮೊದಲ ಅಧ್ಯಾಯ, ಏಳು ಸಾಲುಗಳ ಫಾತಿಹಾ. ದಿನಕ್ಕೆ 17 ಸಲ ಅದೇ ಏಳು ಸಾಲು.

ಹಣೆ ಹಚ್ಚುವ ಈ ಸಜ್ದಾದಲ್ಲಿ ನೆಲಕ್ಕೆ ತಾಗಬೇಕಾದವು ಏಳು: ಮೂಗಿನ ಸಮೇತ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡೂ ಪಾದಗಳ ಬೆರಳ ತುದಿ. ಆಗ ಕಣ್ಣಿಗೆ ಕಾಣುವುದು ಚಾಪೆಯ ಒಂದೆರಡು ಎಳೆ ಮಾತ್ರ. ತಲೆ ಹೃದಯಕ್ಕಿಂತ ಕೆಳಗಿರುತ್ತದೆ. ಸದ್ದು ದೂರವಾಗಿ ತನ್ನ ಉಸಿರು ತನಗೇ ಕೇಳುತ್ತದೆ. ‘ದಾಸನು ತನ್ನ ಪ್ರಭುವಿಗೆ ಅತ್ಯಂತ ಸಮೀಪವಾಗಿರುವುದು ಸಜ್ದಾದಲ್ಲಿ’ ಎಂಬ ಹದೀಸ್ ಇದೆ. ಮನುಷ್ಯ ತನ್ನ ಎತ್ತರವನ್ನೆಲ್ಲ ಕಳೆದುಕೊಂಡಿರುವ ಆ ಹೊತ್ತನ್ನೇ ಅದು ಸಮೀಪದ ಹೊತ್ತು ಎನ್ನುತ್ತದೆ.

ಇದನ್ನೆಲ್ಲ ಹೇಳುತ್ತಿರುವವನು ಏನೋ ದೊಡ್ಡ ಸಾಧಕನಿರಬೇಕು ಎಂದುಕೊಳ್ಳಬೇಡಿ. ಹುಡುಗರಾಗಿದ್ದಾಗ ರಂಜಾನ್ ರಾತ್ರಿಗಳ ತರಾವೀಹ್ ನಮಾಜಿಗೆ ನಾವು ಮಸೀದಿ ಆರಿಸುತ್ತಿದ್ದದ್ದು ಎಲ್ಲಿಯ ಹಾಫಿಜರು (ಕುರ್‌ಆನನ್ನು ಬಾಯಿಪಾಠ ಮಾಡಿದವರು) ಬೇಗ ಓದಿ ಮುಗಿಸುತ್ತಾರೆ ಎಂದು ನೋಡಿ. ಇಂದಿಗೂ ನಾನು ಕಳೆದುಕೊಂಡ ಬೀಗದ ಕೈ ನೆನಪಾಗುವುದು ನಮಾಜಿನಲ್ಲೇ. ಮೂರನೆಯ ರಕಾತೋ ನಾಲ್ಕನೆಯದೋ ಎಂದು ಎಣಿಕೆ ತಪ್ಪುತ್ತದೆ. ಇದಕ್ಕೂ ಶಾಸ್ತ್ರದಲ್ಲಿ ವ್ಯವಸ್ಥೆ ಇದೆ. ಮರೆವಿಗೆಂದೇ ಕೊನೆಯಲ್ಲಿ ಎರಡು ಹೆಚ್ಚುವರಿ ಸಜ್ದಾ. ಮನಸ್ಸು ಓಡಿಹೋಗುತ್ತದೆ ಎಂಬುದನ್ನು ವಿಧಿ ಮಾಡಿದವರು ಬಲ್ಲರು.

ಮದೀನಾದ ಮಸೀದಿಯಲ್ಲಿ ಒಬ್ಬ ಗಡಿಬಿಡಿಯಲ್ಲಿ ನಮಾಜು ಮುಗಿಸಿ ಬಂದು ಪ್ರವಾದಿಯವರಿಗೆ ಸಲಾಂ ಹೇಳಿದ. ಅವರು ಸಲಾಮಿಗೆ ಉತ್ತರಿಸಿ, ‘ಹೋಗಿ ನಮಾಜು ಮಾಡು, ನೀನು ನಮಾಜು ಮಾಡಿಲ್ಲ’ ಎಂದರು. ಮತ್ತೆ ಮಾಡಿ ಬಂದ, ಮತ್ತೆ ಅದೇ ಮಾತು. ಮೂರನೆಯ ಸಲವೂ ಹಾಗೇ ಆದಾಗ, ‘ನನಗೆ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ, ಕಲಿಸಿ’ ಎಂದು ಕೇಳಿದ. ಬಾಗಿದರೆ ಬಾಗಿದಲ್ಲಿ ಮೈ ನೆಮ್ಮದಿಯಾಗುವವರೆಗೆ ಇರು, ಎದ್ದರೆ ಪೂರ್ತಿ ನೆಟ್ಟಗಾಗು, ಹಣೆ ಹಚ್ಚಿದರೆ ಅಲ್ಲಿಯೂ ನೆಮ್ಮದಿಯಾಗುವವರೆಗೆ ಇರು ಎಂದು ಅವರು ಕಲಿಸಿದರು. ಮನಸ್ಸಿನ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ, ಗಮನಿಸಿ. ಎಲುಬು ಕೀಲುಗಳ ನೆಮ್ಮದಿಯಿಂದಲೇ ಪಾಠ ಶುರು. ಇನ್ನೊಂದು ಹದೀಸ್ ಪ್ರಕಾರ, ನಮಾಜು ಮುಗಿಸಿ ಹೊರಟವನ ಲೆಕ್ಕಕ್ಕೆ ಅದರ ಹತ್ತನೆಯ ಒಂದು ಪಾಲು ಮಾತ್ರ ಬರೆಯಲ್ಪಡುವುದುಂಟು. ಇನ್ನೊಬ್ಬನಿಗೆ ಒಂಬತ್ತರಲ್ಲಿ ಒಂದು, ಮತ್ತೊಬ್ಬನಿಗೆ ಎಂಟರಲ್ಲಿ ಒಂದು, ಹೀಗೆ ಅರ್ಧದವರೆಗೆ.

ಉಳಿದ ಪಾಲು ಎಲ್ಲಿ ಸೋರಿಹೋಯಿತು ಎಂದು ಹುಡುಕಿದವರಲ್ಲಿ ನನಗೆ ಹತ್ತಿರವಾದವರು ಇಮಾಮ್ ಗಜಾಲಿ. ಇರಾನಿನ ತೂಸ್ ಪಟ್ಟಣದವರು, 1058ರಿಂದ 1111ರವರೆಗೆ ಬದುಕಿದ್ದರು. ಬಗ್ದಾದಿನ ನಿಜಾಮಿಯಾ ವಿದ್ಯಾಲಯದ ದೊಡ್ಡ ಪ್ರಾಧ್ಯಾಪಕರು. 1095ರಲ್ಲಿ ಒಂದು ದಿನ ಪಾಠ ಹೇಳಲು ನಿಂತರೆ ನಾಲಿಗೆಯೇ ಏಳಲಿಲ್ಲ ಎಂದು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೆಲಸ, ಕೀರ್ತಿ ಎಲ್ಲ ಬಿಟ್ಟು ಡಮಾಸ್ಕಸಿಗೆ ಹೋದರು. ಅಲ್ಲಿಯ ದೊಡ್ಡ ಮಸೀದಿಯ ಮಿನಾರು ಹತ್ತಿ, ಬಾಗಿಲು ಹಾಕಿಕೊಂಡು ಹಗಲೆಲ್ಲ ಒಬ್ಬರೇ ಕೂರುತ್ತಿದ್ದರು. ಆ ಅಲೆದಾಟದ ವರ್ಷಗಳ ಫಲವೇ ‘ಇಹ್ಯಾ ಉಲೂಮುದ್ದೀನ್’, 40 ಭಾಗಗಳ ಗ್ರಂಥ.

ನಮಾಜಿನ ಭಾಗದಲ್ಲಿ ಅವರು ಎತ್ತುವ ಪ್ರಶ್ನೆ ಇವತ್ತಿನದೂ ಹೌದು. ಮನಸ್ಸಿಲ್ಲದೆ ಮಾಡಿದ ನಮಾಜು ನಮಾಜಾಯಿತೇ? ನ್ಯಾಯಶಾಸ್ತ್ರದವರು ಮೊದಲ ತಕ್ಬೀರಿನ ಹೊತ್ತಿಗೆ ಮನಸ್ಸು ಹಾಜರಿದ್ದರೆ ಸಾಕು ಎಂದರು. ಸಾಮಾನ್ಯ ಜನ ಅಷ್ಟನ್ನೇ ಮಾಡಬಲ್ಲರು ಎಂಬ ಕರುಣೆ ಅದು. ಗಜಾಲಿ ಈ ತೀರ್ಪನ್ನು ತಳ್ಳಿಹಾಕುವುದಿಲ್ಲ, ಆದರೆ ಅಷ್ಟಕ್ಕೇ ಸುಮ್ಮನಾಗುವುದೂ ಇಲ್ಲ. ‘ಹುಜೂರೆ ಖಲ್ಬ್’, ಎಂದರೆ ಹೃದಯದ ಹಾಜರಿ, ಅದೇ ನಮಾಜಿನ ಜೀವ ಎನ್ನುತ್ತಾರೆ. ಶಾಲೆಯ ಹಾಜರಿ ಪುಸ್ತಕ ನೆನಪಾಗಲಿ. ಮೈ ಬೆಂಚಿನ ಮೇಲಿದ್ದರೆ ‘ಹಾಜರ್’ ಎಂದು ಬರೆದುಕೊಳ್ಳುತ್ತಾರಲ್ಲ!

ಚದುರಿದ ಮನಸ್ಸಿಗೆ ಅವರು ಕೊಡುವ ಹೋಲಿಕೆ ಗುಬ್ಬಚ್ಚಿಗಳದು. ಒಬ್ಬ ಮರದಡಿ ಕುಳಿತು ಯೋಚಿಸಲು ನೋಡುತ್ತಾನೆ, ಮೇಲೆ ಗುಬ್ಬಚ್ಚಿಗಳ ಗಲಾಟೆ. ಕೋಲು ಬೀಸಿ ಓಡಿಸುತ್ತಾನೆ, ಕೂರುವಷ್ಟರಲ್ಲಿ ಮತ್ತೆ ಬರುತ್ತವೆ. ಹೀಗೆ ಕೋಲು ಬೀಸುತ್ತಿದ್ದರೆ ಎಂದಿಗೂ ಮುಗಿಯದು, ಬಿಡುಗಡೆ ಬೇಕಾದರೆ ಮರವನ್ನೇ ಕಡಿ ಎಂದು ಅವನಿಗೆ ಹೇಳುತ್ತಾರೆ. ಮರ ಎಂದರೆ ಆಸೆ. ಆ ಮರ ಕಡಿಯುವುದು ನನ್ನಿಂದಾಗದ ಕೆಲಸ. ಕೋಲು ಬೀಸುವುದರಲ್ಲೇ ಅರ್ಧ ಆಯುಷ್ಯ ಕಳೆದವನು ನಾನು.

ಮರ ಕಡಿಯುವ ಕಸುಬಿಗೆ ‘ಮುರಾಖಬಾ’ ಎಂದು ಹೆಸರು. ಕಾವಲು ಕಾಯುವುದು, ಕಣ್ಣಿಟ್ಟಿರುವುದು ಎಂದು ಅರ್ಥ. ಪ್ರವಾದಿಯವರನ್ನು ಜಿಬ್ರೀಲ್ ದೂತ ‘ಇಹ್ಸಾನ್ ಎಂದರೇನು?’ ಎಂದು ಕೇಳಿದಾಗ ಬಂದ ಉತ್ತರ ಇದರ ತಾಯಿಬೇರು: ‘ಅಲ್ಲಾಹನನ್ನು ಕಾಣುತ್ತಿರುವೆಯೋ ಎಂಬಂತೆ ಆರಾಧಿಸು, ನಿನಗೆ ಅವನು ಕಾಣದಿದ್ದರೂ ನೀನು ಅವನಿಗೆ ಕಾಣುತ್ತೀಯೆ.’ ನಾನು ನೋಡುವುದು ಒಂದು, ನನ್ನನ್ನು ನೋಡಲಾಗುತ್ತಿದೆ ಎಂದು ತಿಳಿದು ಕೂರುವುದು ಇನ್ನೊಂದು. ಮುರಾಖಬಾ ಹೆಚ್ಚಾಗಿ ಎರಡನೆಯದು. ಇಂದಿನ ಧ್ಯಾನ ಶಿಬಿರಗಳಿಗೂ ಇದಕ್ಕೂ ಇರುವ ಅಂತರ ಇಲ್ಲೇ ಇದೆ ಎಂದು ನನ್ನ ಎಣಿಕೆ. ಅಲ್ಲಿ ನನ್ನ ನೆಮ್ಮದಿಗಾಗಿ ನಾನು ಕೂರುತ್ತೇನೆ, ಇಲ್ಲಿ ಇನ್ನೊಬ್ಬರ ಎದುರು ಕೂರುತ್ತೇನೆ. ಮೊಣಕಾಲಿಗೂ ಬೆನ್ನಿಗೂ ನಮಾಜು ಒಳ್ಳೆಯದು ಎಂದು ಕರಪತ್ರ ಹಂಚುವ ನಮ್ಮವರನ್ನು ಕಂಡರೂ ನನಗೆ ಇದೇ ಕಾರಣಕ್ಕೆ ಕಸಿವಿಸಿ.

ಗಜಾಲಿ ಹೇಳುವ ಒಂದು ಬೆಕ್ಕಿನ ಕಥೆ ಇದೆ. ಬಗ್ದಾದಿನ ಸೂಫಿ ಶಿಬ್ಲಿ ಒಮ್ಮೆ ಹಿರಿಯ ಸೂಫಿ ನೂರಿಯವರನ್ನು ನೋಡಲು ಹೋದರೆ, ಅವರು ಒಂದು ಮೂಲೆಯಲ್ಲಿ ಒಂದು ಕೂದಲೂ ಅಲುಗದಂತೆ ಕುಳಿತಿದ್ದರು. ‘ಇದನ್ನು ಎಲ್ಲಿ ಕಲಿತಿರಿ?’ ಎಂದರೆ, ‘ನಮ್ಮ ಮನೆಯಲ್ಲೊಂದು ಬೆಕ್ಕಿತ್ತು. ಬೇಟೆಯ ಹೊತ್ತಿನಲ್ಲಿ ಬಿಲದ ಮುಂದೆ ಹೀಗೆಯೇ ಕೂರುತ್ತಿತ್ತು’ ಎಂದರಂತೆ. ಬೆಕ್ಕು ಮನಸ್ಸನ್ನು ಬರಿದು ಮಾಡಿಕೊಂಡು ಕುಳಿತಿಲ್ಲ. ಅದಕ್ಕೆ ಇಲಿಯದ್ದೇ ಧ್ಯಾನ.

ಮುಂದೆ ಸೂಫಿ ಪಂಥಗಳು ಇದನ್ನು ಒಂದು ಶಿಸ್ತಾಗಿ ಬೆಳೆಸಿದವು. ಬುಖಾರಾದ ನಖ್ಶಬಂದಿಗಳದು ತುಟಿ ಅಲುಗದ ಜಿಕ್ರ್. ಅವರ ಸೂತ್ರಗಳಲ್ಲಿ ‘ಹೋಶ್ ದರ್ ದಮ್’ ಒಂದು, ಉಸಿರುಸಿರಿನಲ್ಲೂ ಎಚ್ಚರ ಎಂದು. ಕಲಬುರಗಿಯ ಬಂದೇನವಾಜರ ಚಿಶ್ತಿ ಪಂಥದಲ್ಲಿ ದನಿಯೆತ್ತಿ ಮಾಡುವ ಜಿಕ್ರ್ ಉಂಟು, ಉಸಿರಿನ ಕಾವಲೂ ಉಂಟು. ಉಸಿರಿನ ವಿಷಯದಲ್ಲಿ ಸೂಫಿಗಳೂ ಜೋಗಿಗಳೂ ಒಬ್ಬರನ್ನೊಬ್ಬರು ಇಣುಕಿ ನೋಡಿದ್ದಾರೆ. 1563ರಲ್ಲಿ ತೀರಿಕೊಂಡ ಗ್ವಾಲಿಯರಿನ ಶೇಖ್ ಮುಹಮ್ಮದ್ ಗೌಸರು ಹಠಯೋಗದ ‘ಅಮೃತಕುಂಡ’ವನ್ನು ‘ಬಹ್ರುಲ್ ಹಯಾತ್’ ಎಂದು ಪಾರಸಿಗೆ ತಂದರು. ಅದರದೊಂದು ಹಸ್ತಪ್ರತಿಯಲ್ಲಿ ಆಸನಗಳ ಚಿತ್ರಗಳೂ ಇವೆ.

ಆದರೆ ನಮ್ಮ ನೆಲದ ಅತಿ ಚೆಂದದ ಜಿಕ್ರ್ ಇರುವುದು ಬೀಸುವ ಕಲ್ಲಿನಲ್ಲಿ. ಆದಿಲಶಾಹಿ ವಿಜಯಪುರದ ಸೂಫಿಗಳು ಹೆಂಗಸರಿಗಾಗಿ ದಖ್ಖನಿ ಉರ್ದುವಿನಲ್ಲಿ ‘ಚಕ್ಕಿನಾಮಾ’ಗಳನ್ನು ಕಟ್ಟಿದರು. ಬೀಸುವ ಕಲ್ಲಿನ ನೆಟ್ಟನೆಯ ಹಿಡಿ ಅರಬಿಯ ಮೊದಲ ಅಕ್ಷರ ‘ಅಲಿಫ್’, ಎಂದರೆ ಅಲ್ಲಾಹ್ ಎಂದು ಒಂದು ಹಾಡು ಹೇಳುತ್ತದೆ. ಹಿಡಿ ತಿರುಗಿದಷ್ಟು ಸಲ ನೆನಪೂ ತಿರುಗಲಿ ಎಂಬುದು ಉಪಾಯ. ನನ್ನ ನಾನಿಗೆ, ಎಂದರೆ ತಾಯಿಯ ತಾಯಿಗೆ, ಓದು ಬರುತ್ತಿರಲಿಲ್ಲ. ಬೆಳಗಿನ ಫಜ್ರ್ ಮುಗಿಸಿ, ಹುಣಸೆ ಬೀಜಗಳ ಒಂದು ಬಟ್ಟಲು ಮುಂದಿಟ್ಟುಕೊಂಡು ‘ಅಲ್ಲಾಹನಲ್ಲದೆ ಬೇರೆ ದೇವರಿಲ್ಲ’ ಎಂಬ ಕಲಿಮಾ ಎಣಿಸುತ್ತಿದ್ದಳು. ಒಂದೊಂದೇ ಬೀಜ ಬಟ್ಟಲಿನಿಂದ ಚಾಪೆಗೆ ಬೀಳುವ ಟಕ್ ಟಕ್ ಸದ್ದಿಗೆ ನಮಗೆ ಎಚ್ಚರವಾಗುತ್ತಿತ್ತು. ವರ್ಷಗಟ್ಟಲೆ ಅವಳ ಬೆರಳಾಡಿ ಆ ಬೀಜಗಳು ಗಾಜಿನಂತೆ ನುಣುಪಾಗಿದ್ದವು.

ಇವೆಲ್ಲ ಹೊಸದಾಗಿ ಸೇರಿಸಿದ್ದು, ಪ್ರವಾದಿಯವರ ಕಾಲದಲ್ಲಿ ಇರಲಿಲ್ಲ ಎಂದು ಆಕ್ಷೇಪಿಸುವವರು ನಮ್ಮಲ್ಲಿ ಬಹಳ ಜನ. ಅವರ ಅಂಜಿಕೆ ಅರ್ಥವಾಗುತ್ತದೆ. ಸಾಧನೆ ಬೆಳೆದು ನಮಾಜನ್ನೇ ಮೂಲೆಗೆ ತಳ್ಳಿದರೆ ಎಂಬುದು ಅದು. ಕುತೂಹಲದ ಸಂಗತಿ ಏನೆಂದರೆ, ಇದನ್ನೇ ಅತಿ ಖಾರವಾಗಿ ಹೇಳಿದವರು ಸ್ವತಃ ನಖ್ಶಬಂದಿ ಗುರು, ಸರ್ಹಿಂದದ ಶೇಖ್ ಅಹ್ಮದ್ (1564–1624). ಗಾನ, ಭಾವಾವೇಶಗಳಲ್ಲಿ ನೆಮ್ಮದಿ ಹುಡುಕುವವರಿಗೆ ನಮಾಜಿನ ನಿಜ ಒಂದಿಷ್ಟಾದರೂ ತೆರೆದಿದ್ದರೆ ಆ ಕಡೆ ಹೋಗುತ್ತಿರಲಿಲ್ಲ ಎಂದು ಅವರು ಪತ್ರವೊಂದರಲ್ಲಿ ಬರೆದರು. ಅವರ ಕಣ್ಣಿನಲ್ಲಿ ಸಾಧನೆಯೆಲ್ಲ ನಮಾಜಿಗೆ ಹತ್ತುವ ಮೆಟ್ಟಿಲು.

ಒಂದು ಮಾತು ಬಿಟ್ಟುಹೋಗಬಾರದು. ತನ್ಮಯತೆ ಎಂದರೆ ಕಿವುಡಾಗುವುದು ಎಂದು ನಾವು ತಿಳಿಯುತ್ತೇವೆ. ಪ್ರವಾದಿಯವರ ಅಳಿಯ ಹಜರತ್ ಅಲಿಯವರ ಕಾಲಿಗೆ ನೆಟ್ಟ ಬಾಣವನ್ನು ನಮಾಜಿನ ಹೊತ್ತಿನಲ್ಲಿ ಕಿತ್ತರೆ ಅವರಿಗೆ ತಿಳಿಯಲೇ ಇಲ್ಲ ಎಂಬ ಕಥೆಯನ್ನು ಕೇಳದ ಮುಸ್ಲಿಂ ಮಗುವಿಲ್ಲ. ನನಗೆ ಅದಕ್ಕಿಂತ ಪ್ರವಾದಿಯವರ ನಮಾಜು ಇಷ್ಟ. ಚಿತ್ತಾರದ ಹೊದಿಕೆಯೊಂದು ನಮಾಜಿನಲ್ಲಿ ತಮ್ಮ ಗಮನ ಸೆಳೆಯಿತೆಂದು ಅವರು ಅದನ್ನು ಹಿಂದಿರುಗಿಸಿ, ಬದಲಿಗೆ ಸಾದಾ ಹೊದಿಕೆಯನ್ನು ತರಿಸಿಕೊಂಡರು. ಮಿನಾರು, ಕಮಾನು, ಹೂಬಳ್ಳಿ ತುಂಬಿದ ಜಾನಮಾಜುಗಳನ್ನು, ಎಂದರೆ ನಮಾಜಿನ ಹಾಸುಗಳನ್ನು, ಉಡುಗೊರೆ ಕೊಡುವವರು ಇದನ್ನು ನೆನಪಿಡಬಹುದು. ಆದರೆ ಅದೇ ಪ್ರವಾದಿಯವರು ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಜು ಮಾಡಿದ್ದುಂಟು. ಸಜ್ದಾಕ್ಕೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ‘ದೀರ್ಘವಾಗಿ ಮಾಡಬೇಕೆಂದೇ ನಮಾಜಿಗೆ ನಿಲ್ಲುತ್ತೇನೆ. ಮಗುವಿನ ಅಳು ಕೇಳಿಸಿದರೆ ಚಿಕ್ಕದು ಮಾಡುತ್ತೇನೆ, ತಾಯಿಗೆ ಕಷ್ಟವಾಗಬಾರದು’ ಎಂದೂ ಅವರು ಹೇಳಿದ್ದಾರೆ. ಬಟ್ಟೆಯ ಚಿತ್ತಾರ ಅಡ್ಡಿಯಾಯಿತು, ಹಿಂದಿನ ಸಾಲಿನಲ್ಲಿ ಅಳುವ ಮಗು ಅಡ್ಡಿಯಾಗಲಿಲ್ಲ.

ನಮಾಜು ಮುಗಿದ ಮೇಲೆ ಏನು? ಶುಕ್ರವಾರದ ನಮಾಜಿನ ಬಗ್ಗೆ ಕುರ್‌ಆನ್ ಹೇಳುವುದು ಹೀಗೆ: ಮುಗಿದೊಡನೆ ಭೂಮಿಯಲ್ಲಿ ಚದುರಿ ಹೋಗಿ, ಅಲ್ಲಾಹನ ಅನುಗ್ರಹವನ್ನು ಅರಸಿರಿ, ಅಲ್ಲಾಹನನ್ನು ಬಹಳವಾಗಿ ನೆನೆಯಿರಿ. ಎಂದರೆ ಅಂಗಡಿ ತೆರೆಯಿರಿ, ಹೊಲಕ್ಕೆ ಹೋಗಿ, ನೆನಪನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದು. ಇದನ್ನೇ ನಖ್ಶಬಂದಿಗಳು ‘ಖಲ್ವತ್ ದರ್ ಅಂಜುಮನ್’ ಎಂದರು, ಸಂತೆಯೊಳಗಿನ ಏಕಾಂತ. ಸಲಾಂ ಹೇಳಿದೊಡನೆ ಚಪ್ಪಲಿ ಹುಡುಕಲು ಓಡುವ ನಾವು ಚದುರುವ ಭಾಗವನ್ನು ಅಚ್ಚುಕಟ್ಟಾಗಿ ಪಾಲಿಸುತ್ತೇವೆ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಮುದುಕರು ಮಾತ್ರ ಏಳದೆ, ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ‘ಸುಬ್‌ಹಾನಲ್ಲಾಹ್’ ಎಂದು ಮೂವತ್ತಮೂರರವರೆಗೆ ಎಣಿಸುತ್ತಿರುತ್ತಾರೆ.

ನನ್ನ ಮಾತು ಇಷ್ಟೇ. ಸೂರ್ಯಾಸ್ತದ ಮಗರಿಬ್‌ಗೆ ಇನ್ನೂ ಇಪ್ಪತ್ತು ನಿಮಿಷವಿದೆ, ಪ್ರಶ್ನೆಗಳಿದ್ದರೆ ಕೇಳಿ.