ಬಿಲ್ಡಿಂಗ್ ಶೇಪ್‌ಗೂ ಪೇಟೆಂಟ್! ಗುಡಾರದ ಮೋಟೆಲ್ ಕಥೆ

[ಸ್ಕ್ರೀನ್ ಮೇಲೆ: ಡಿಸೈನ್ ಪೇಟೆಂಟ್ 98,617]

ಪೇಟೆಂಟ್ ಅಂದ ತಕ್ಷಣ ಮೆಷಿನ್ನು, ಔಷಧಿ ಅಂತ ನೆನಪಾಗುತ್ತೆ ಅಲ್ವಾ, ಆದ್ರೆ ಇದು ರೂಮ್ ಬಾಡಿಗೆಗೆ ಕೊಡೋ ಗುಡಾರದ ಪೇಟೆಂಟ್. ಅಮೆರಿಕಾದ ಕೆಂಟಕಿ ರಾಜ್ಯದ ಫ್ರಾಂಕ್ ರೆಡ್‌ಫರ್ಡ್‌ಗೆ 1936ರ ಫೆಬ್ರವರಿಲಿ ಸಿಕ್ಕಿದ್ದು.

ಡಿಸೈನ್ ಪೇಟೆಂಟ್ ಬರೀ ನೋಟಕ್ಕೆ ಕೊಡೋದು, ಒಳಗೆ ಏನು ಹೇಗೆ ಕೆಲಸ ಮಾಡುತ್ತೆ ಅನ್ನೋದು ಲೆಕ್ಕಕ್ಕೇ ಇಲ್ಲ. ಅಮೆರಿಕಾದಲ್ಲಿ 1842ರಿಂದ ಇದೆ. ರೆಡ್‌ಫರ್ಡ್ ಕಾಲದಲ್ಲಿ ಮೂರೂವರೆ, 7 ಅಥವಾ 14 ವರ್ಷ, ಎಷ್ಟು ಬೇಕೋ ಅಷ್ಟಕ್ಕೆ ಫೀಸ್ ಕಟ್ಟಬೇಕಿತ್ತು. ಬರವಣಿಗೆ ಜಾಸ್ತಿ ಏನಿಲ್ಲ, ಚಿತ್ರದಲ್ಲಿ ತೋರಿಸಿರೋ ವಿನ್ಯಾಸ ನಂದು ಅಂತ ಒಂದು ಸಾಲು, ಉಳಿದಿದ್ದೆಲ್ಲಾ ಚಿತ್ರವೇ ಹೇಳ್ಬೇಕು.

ಇದಕ್ಕೂ ಮುಂಚೆ ಜೇಮ್ಸ್ ಲಾಫರ್ಟಿ ಅಂತ ಒಬ್ಬ ಇದ್ದ, ನ್ಯೂಜೆರ್ಸಿ ಕಡಲ ತೀರದಲ್ಲಿ ಸೈಟ್ ಮಾರ್ತಿದ್ದ, ಜನರನ್ನ ಸೆಳೆಯೋಕೆ 65 ಅಡಿ ಎತ್ತರದ ಆನೆ ಬಿಲ್ಡಿಂಗನ್ನೇ ಎಬ್ಬಿಸಿಬಿಟ್ಟ, 1882ರಲ್ಲಿ ಪ್ರಾಣಿ ಆಕಾರದ ಕಟ್ಟಡಕ್ಕೆ ಪೇಟೆಂಟೂ ತಗೊಂಡ! ಅದು ಡಿಸೈನ್ ಪೇಟೆಂಟ್ ಅಲ್ಲ, ಮಾಮೂಲಿ ಪೇಟೆಂಟು, 17 ವರ್ಷದ್ದು. ಲೂಸಿ ಅನ್ನೋ ಆ ಆನೆ ಮಾರ್ಗೇಟ್‌ನಲ್ಲಿ ಈಗ್ಲೂ ನಿಂತಿದೆ.

[ಸ್ಕ್ರೀನ್ ಮೇಲೆ: 1930ರ ದಶಕದ ಹೈವೇ]

ಸರಿ, ರೆಡ್‌ಫರ್ಡ್ ಹತ್ರ ಬರೋಣ. ಆಗ ಕಾರು ಜಾಸ್ತಿ ಆಗಿತ್ತು, ಸ್ಪೀಡಲ್ಲಿ ಹೋಗೋನು ಬೋರ್ಡ್ ಓದ್ತಾ ಕೂರಲ್ಲ, ಅದಕ್ಕೇ ಅಂಗಡಿಯನ್ನೇ ಬೋರ್ಡ್ ಮಾಡ್ಬಿಡೋದು. ವಾಷಿಂಗ್ಟನ್ ರಾಜ್ಯದ ಜಿಲ್ಲಾ (Zillah) ಅನ್ನೋ ಊರಲ್ಲಿ ಟೀ ಪಾಟ್ ಆಕಾರದ ಪೆಟ್ರೋಲ್ ಬಂಕು, ಲಾಂಗ್ ಐಲೆಂಡಲ್ಲಿ ಬಾತುಕೋಳಿ ಮಾರೋಕೆ ಬಾತುಕೋಳಿ ಆಕಾರದ್ದೇ ಅಂಗಡಿ. ರೆಡ್‌ಫರ್ಡ್ 1933ರಲ್ಲಿ ಕೆಂಟಕಿಯ ಹಾರ್ಸ್ ಕೇವ್ ಅನ್ನೋ ಊರಿನ ಹತ್ರ ಇಂಥ ಗುಡಾರ ಕಟ್ಟಿದ, ಆಮೇಲೆ ಮಲಗೋಕೆ ಸಾಲಾಗಿ ಚಿಕ್ಕ ಗುಡಾರಗಳು. ವಿಗ್ವಾಮ್ ವಿಲೇಜ್ (ವಿಗ್ವಾಮ್ ಅಂದ್ರೆ ಅಲ್ಲಿನ ಮೂಲನಿವಾಸಿಗಳ ಗುಡಿಸಲು) ಅಂತ ಹೆಸರಾಯ್ತು, ಒಟ್ಟು 7 ಊರಲ್ಲಿ ಎದ್ದವು.

ಒಂದು ವಿಷಯ ಮಾತ್ರ ನಂಗೆ ಸರಿ ಅನ್ಸಲ್ಲ. ಆ ಗುಡಾರ ಅಲ್ಲಿನ ಬಯಲು ಸೀಮೆಯ ಮೂಲನಿವಾಸಿಗಳದ್ದು, ತಲೆತಲಾಂತರದಿಂದ ಕಟ್ಕೊಂಡು ಬಂದಿದ್ದು, ಅದನ್ನ ಗಟ್ಟಿ ಗೋಡೆ ಹಾಕಿ ಎಬ್ಬಿಸಿದ್ರೆ ಹೊಸ ಡಿಸೈನ್ ಆಗಿಬಿಡುತ್ತಾ? ಪೇಟೆಂಟ್ ಆಫೀಸು ಹೂಂ ಅಂದಿತ್ತು ಅಷ್ಟೆ.

ದುಡ್ಡಿನ ಲೆಕ್ಕ ಇನ್ನೂ ಮಜಾ. ಅರಿಝೋನಾದ ಹಾಲ್‌ಬ್ರೂಕಲ್ಲಿ ಚೆಸ್ಟರ್ ಲೂಯಿಸ್ ಅನ್ನೋನು ಇದೇ ಡಿಸೈನ್ ತಗೊಂಡು ಮೋಟೆಲ್ ಕಟ್ಟಿದ. ರೂಮಲ್ಲಿ ಕಾಯಿನ್ ಹಾಕೋ ರೇಡಿಯೋ ಇಡ್ಬೇಕು, ಅರ್ಧ ಗಂಟೆಗೆ 10 ಸೆಂಟ್, ಆ ಚಿಲ್ಲರೆ ರೆಡ್‌ಫರ್ಡ್‌ಗೆ ಹೋಗ್ಬೇಕು, ಇಷ್ಟೇ ಒಪ್ಪಂದ! ಪೇಟೆಂಟ್ ಇಟ್ಕೊಂಡು ಯಾರ ಮೇಲೋ ಕೇಸ್ ಹಾಕೋದಕ್ಕಿಂತ ಇದು ಎಷ್ಟೋ ವಾಸಿ.

ಏಳರಲ್ಲಿ ಈಗ ಮೂರು ಉಳಿದಿವೆ, ಕೇವ್ ಸಿಟಿ, ಹಾಲ್‌ಬ್ರೂಕ್, ಸ್ಯಾನ್ ಬರ್ನಾರ್ಡಿನೋ. ಅಮೆರಿಕಾದಲ್ಲಿರೋ ನಮ್ ಕನ್ನಡದವರು ಯಾರಾದ್ರೂ ಅಲ್ಲಿ ಉಳ್ಕೊಂಡಿದ್ರೆ ಕಾಮೆಂಟಲ್ಲಿ ಹೇಳಿ, ದುಂಡನೆ ರೂಮಲ್ಲಿ ಮಂಚ ಹೆಂಗೆ ಹಾಕಿದಾರೆ ಅಂತ ನಂಗೆ ತಿಳ್ಕೋಬೇಕು.